ಎರಡು ಹಿಡಿಕೆಯ ಡಬ್ಬಿ

ದೇವದುರ್ಗ
8 ಫೆಬ್ರವರಿ 1982

ಅಪ್ಪಾ,

ತಲುಪಿದ್ದೇನೆ, ಗಟ್ಟಿಯಾಗಿದ್ದೇನೆ. ಅವ್ವನಿಗೆ ಹೇಳು, ಇಲ್ಲಿ ರೊಟ್ಟಿಗೂ ಪುಂಡಿಪಲ್ಯಕ್ಕೂ ಬರವಿಲ್ಲ. ಮಗಳು ಸೊರಗಿಲ್ಲ, ಬಿಳಿ ಸೀರೆ ಮಾತ್ರ ದೇವದುರ್ಗದ ಧೂಳಿಗೆ ಬಣ್ಣ ಕೆಟ್ಟಿದೆ.

ನಮ್ಮ ಸಂಚಾರಿ ದವಾಖಾನೆಯ ಮೋಟಾರನ್ನು ನೀನು ರಾಯಚೂರು ಸ್ಟೇಷನ್ನಿನ ಮುಂದೆ ಹೊರಗಿನಿಂದಷ್ಟೇ ನೋಡಿದೆ. ಒಳಗೆ ಬಂದಿದ್ದರೆ ಇಳಿಯುತ್ತಲೇ ಇರಲಿಲ್ಲ. ಯಾವುದೋ ತಣ್ಣನೆಯ ದೇಶದಲ್ಲಿ ಗಂಡ ಹೆಂಡತಿ ಇದರಲ್ಲೇ ಸಂಸಾರ ಹೂಡಿಕೊಂಡು ಊರೂರು ತಿರುಗುತ್ತಿದ್ದರಂತೆ. ವಯಸ್ಸಾದ ಮೇಲೆ ನಮ್ಮ ಟ್ರಸ್ಟಿಗೆ ದಾನ ಕೊಟ್ಟರಂತೆ. ಅವರು ಅಡಿಗೆ ಮಾಡುತ್ತಿದ್ದ ಕಟ್ಟೆಯ ಮೇಲೆ ಈಗ ಔಷಧದ ಬಾಟಲಿಗಳಿವೆ. ಅವರು ಮಲಗುತ್ತಿದ್ದ ಹಲಗೆಯ ಮೇಲೆ ನಾವು ಬಸುರಿಯರನ್ನು ಪರೀಕ್ಷೆ ಮಾಡುತ್ತೇವೆ. ಹಿಂದಿನ ಮೂಲೆಯಲ್ಲಿ ಒಂದು ಸಂಡಾಸು. ನಗಬೇಡ, ಮೋಟಾರಿನೊಳಗೇ ಸಂಡಾಸು! ಇರುವವರು ನಾವು ಮೂವರು: ಡಾಕ್ಟರ್ ಸುಗ್ರಾ ಬೇಗಂ, ಡ್ರೈವರ್ ಹನುಮಂತ್ರಾಯ, ನಾನು. ಬರುವ ಹೆಂಗಸರಿಗಂತೂ ಆ ಮೂಲೆ ಸಿಕ್ಕಿದ್ದು ದೊಡ್ಡ ಪುಣ್ಯ. ಹಗಲಲ್ಲಿ ಹೊಲಕ್ಕೆ ಹೋಗಲಾರದೆ ಹೊಟ್ಟೆ ಹಿಡಿದುಕೊಂಡು ಕೂತವರನ್ನು ನಾನು ಕಂಡಿದ್ದೇನೆ.

ಕುಳಿತುಕೊಳ್ಳುವ ಪೀಠದ ಕೆಳಗೆ ಮುಚ್ಚಳದ ಡಬ್ಬಿಯಿದೆ, ಎರಡು ಕಡೆ ಹಿಡಿಕೆ. ತುಂಬಿದಾಗ ಹೊರಗಿನಿಂದ ಎಳೆದು ತೆಗೆಯಬೇಕು. ತೆಗೆದು ಎಲ್ಲಿಗೆ ಒಯ್ಯಬೇಕು ಎಂಬುದನ್ನು ಮಾತ್ರ ದಾನ ಕೊಟ್ಟವರು ಬರೆದು ಕಳಿಸಿಲ್ಲ. ಇಲ್ಲಿಯವರೆಗೆ ಹನುಮಂತ್ರಾಯ ಯಾವ ಊರಿಗೆ ಹೋದರೂ ಮೊದಲ ಮಾತು, “ಕೇರ್ಯಾಗಿಂದ ಯಾರನ್ನರ ಕಳಸ್ರಿ.” ಯಾರೋ ಬಂದು, ಹೊತ್ತು, ಹಳ್ಳಕ್ಕೆ ಸುರಿದು, ಎರಡು ರೊಟ್ಟಿ ಇಸಿದುಕೊಂಡು ಹೋಗುತ್ತಿದ್ದರು. ಹೋದ ವಾರ ನಾನು ಹಳ್ಳದವರೆಗೆ ಹೋಗಿ ನೋಡಿದೆ. ಸುರಿದ ಜಾಗದಿಂದ ಕೂಗಳತೆಯಲ್ಲಿ ಹೆಂಗಸರು ಮರಳು ತೋಡಿ, ಜಿನುಗಿದ ನೀರನ್ನು ಬೊಗಸೆಯಿಂದ ಕೊಡಕ್ಕೆ ತುಂಬುತ್ತಿದ್ದರು. ಬೆಳಿಗ್ಗೆ ಅವರಿಗೆ ವಾಂತಿಭೇದಿಯ ಔಷಧ ಕೊಡುವವರೂ ನಾವೇ, ಸಂಜೆ ಅವರ ನೀರಿಗೆ ಸುರಿಸುವವರೂ ನಾವೇ. ಡಾಕ್ಟರಮ್ಮನಿಗೆ ಹೇಳಿದೆ. “ಹಂಗಾದ್ರ ಎಲ್ಲಿ ಹಾಕಬೇಕು, ನೀನೇ ಹೇಳು” ಎಂದರು. ಅವರ ಓದಿನಲ್ಲಿ ಅದು ಇಲ್ಲವಂತೆ.

ಮೂವತ್ತು ವರ್ಷ ಊರಿನ ಪಾಯಖಾನೆ ಬಳಿದವನು ನೀನು. ಈಗ ಮುನಿಸಿಪಾಲಿಟಿಯ ಗೊಬ್ಬರದಂಗಳದಲ್ಲಿ ಆಳುಗಳ ಮೇಲಿನ ಮುಕಾದಮ. ನಿನಗಿಂತ ಬಲ್ಲವರು ಯಾರಿದ್ದಾರೆ? ಗುಂಡಿ ಹೇಗೆ ತೋಡಬೇಕು, ಎಷ್ಟು ದಿನಕ್ಕೆ ಗೊಬ್ಬರವಾಗುತ್ತದೆ, ಬಾವಿಗೆ ಎಷ್ಟು ದೂರವಿರಬೇಕು, ಎಲ್ಲ ಬರೆ. ಹೆಂಗಸರಿಗೆ ಒಂದು ಆರೋಗ್ಯದ ಪಾಠ ಮಾಡಬೇಕೆಂದಿದ್ದೇನೆ. ಹೊರುವುದಕ್ಕೆ ಜನ ಇದ್ದಾರೆ, ಆ ಚಿಂತೆ ನಿನಗೆ ಬೇಡ.

ನಿನ್ನ ಮಗಳು
ಮಾನಮ್ಮ


ರಾಯಚೂರು
15 ಫೆಬ್ರವರಿ 1982

ಮಗಳೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ, ನಿನ್ನ ಅವ್ವನಿಗೆ ಎರಡು ಸಲ ಓದಿ ಹೇಳಿದೆ. ನೀನು ನಾಲ್ಕನೇ ಇಯತ್ತೆಯಲ್ಲಿದ್ದಾಗ ನನ್ನ ಕೈಗೆ ಪಾಟಿ ಕೊಟ್ಟು ಕಲಿಸಿದ ಅಕ್ಷರ ಇವತ್ತು ಉಪಯೋಗಕ್ಕೆ ಬಂತು. ಡಾಕ್ಟರಮ್ಮನಿಗೆ ತಿಳಿಯದ್ದನ್ನು ನನ್ನನ್ನು ಕೇಳಿದ್ದೀಯಲ್ಲ, ನಿನ್ನೆಯಿಂದ ನನ್ನ ಮೀಸೆ ಕೆಳಗಿಳಿದಿಲ್ಲ. “ಸಾಕು ಇಳಸ್ರಿ, ಸೊಸಿ ಹುಡುಕಾಕ ಹೊಂಟೋರಂಗ ಕಾಣಾಕತ್ತೀರಿ” ಎಂದು ನಿನ್ನ ಅವ್ವ ಬೈಯುತ್ತಿದ್ದಾಳೆ.

ಹೇಳುತ್ತೇನೆ ಕೇಳು. ಜನ ಆಳವಾಗಿ ತೋಡಿ ಹೂತುಬಿಟ್ಟರೆ ಮುಗಿಯಿತು ಎಂದುಕೊಳ್ಳುತ್ತಾರೆ. ಅದು ದಡ್ಡರ ಲೆಕ್ಕ. ಆಳದಲ್ಲಿ ಹೂತದ್ದು ಹೂತ ಹಾಗೆಯೇ ಇರುತ್ತದೆ. ಮೊಣಕಾಲುದ್ದ ತೋಡಿದರೆ ಸಾಕು, ಆದರೆ ಉದ್ದಕ್ಕೆ ತೋಡು. ತಳಕ್ಕೆ ಒಣಗಿದ ಎಲೆ, ಜೋಳದ ದಂಟಿನ ಚೂರು, ಯಾವುದಾದರೂ ಕಸ. ಅದರ ಮೇಲೆ ಡಬ್ಬಿಯದನ್ನು ತೆಳ್ಳಗೆ ಸುರಿ. ಮೇಲೆ ಒಲೆಯ ಬೂದಿ, ಮತ್ತೆ ಕಸ, ಆಮೇಲೆ ಒಂದು ಗೇಣು ಮಣ್ಣು. ಮರುದಿನದ್ದು ಪಕ್ಕದಲ್ಲಿ, ಅದರ ಮೇಲಲ್ಲ. ಬಾವಿಗೂ ಹಳ್ಳಕ್ಕೂ ನೂರು ಹೆಜ್ಜೆ ದೂರ ಇರಲಿ, ಅದೂ ಇಳಿಜಾರಿನ ಕೆಳಗಡೆ. ನಾಯಿ ಕೆದರದ ಹಾಗೆ ಮೇಲೆ ಜಾಲಿ ಮುಳ್ಳು ಹೊದಿಸು. ಒಂದು ವರ್ಷ ಯಾರೂ ಮುಟ್ಟಬಾರದು. ಆಮೇಲೆ ಒಂದು ಹಿಡಿ ತೆಗೆದು ಮೂಸಿ ನೋಡಿದರೆ ಮಳೆ ಬಿದ್ದ ಹೊಲದ ವಾಸನೆ ಬರಬೇಕು. ಬಂದರೆ ಗೊಬ್ಬರ, ಬರದಿದ್ದರೆ ಮುಚ್ಚಿ ಸುಮ್ಮನಿರು. ಮಣ್ಣು ಯಾವುದಾದರೇನು, ಮಣ್ಣಿಗೆ ತನ್ನ ಕೆಲಸ ಗೊತ್ತಿದೆ.

ನಾನು ಈಗ ಕೋಲು ಹಿಡಿದು ಜಾಗ ತೋರಿಸುತ್ತೇನೆ, ಆಳುಗಳು ಅಗೆಯುತ್ತಾರೆ. ಮುಕಾದಮಗಿರಿ ಎಂದರೆ ಅಷ್ಟೇ, ಬಾಯಿ ನೋಯುತ್ತದೆ, ಕೈ ನೋಯುವುದಿಲ್ಲ.

ಒಂದು ಮಾತು. ನೀನು ನರ್ಸ್ ಟ್ರೇನಿಂಗಿಗೆ ಸೇರಿದ ದಿನ ನಿನ್ನ ಅವ್ವ ಹೊರುತ್ತಿದ್ದ ಬುಟ್ಟಿಯನ್ನು ನಾನು ಅಂಗಳದಲ್ಲಿ ಸುಟ್ಟದ್ದನ್ನು ನೀನು ನೋಡಿದ್ದೀಯ. ನನ್ನ ಮಗಳ ಕೈಗೆ ಇದು ತಾಕಬಾರದು ಎಂದು ಆ ಬೆಂಕಿಯ ಮುಂದೆ ಆಣೆ ಮಾಡಿದವನು ನಾನು. ಪಾಠ ಎಷ್ಟು ಬೇಕಾದರೂ ಹೇಳು, ಡಬ್ಬಿಯ ಹತ್ತಿರ ಹೋಗಬೇಡ. ಅಪ್ಪ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಯಾವಾಗಿನ ಹಾಗೆ ಊರಲ್ಲಿ ನೌಕರಿ ಎನ್ನು. ಸುಳ್ಳೇನಲ್ಲ.

ನಿನ್ನ ಅಪ್ಪ
ಅಯ್ಯಪ್ಪ


ಮಲ್ಲಟ
12 ಮಾರ್ಚ್ 1982

ಅಪ್ಪಾ,

ಮುಕಾದಮರ ಅಪ್ಪಣೆಯಂತೆ ಎಲ್ಲ ನಡೆದಿದೆ. ದೇವದುರ್ಗ ಬಿಟ್ಟು ಮಾನ್ವಿ ಕಡೆಗೆ ಬಂದೆವು. ಈ ಮಲ್ಲಟದಲ್ಲಿ ನಮಗೆ ಒಂದೂವರೆ ತಿಂಗಳ ಮುಕ್ಕಾಮು. ಗೌಡರು ತಮ್ಮ ಎರೆಹೊಲದ ಬದುವಿನಲ್ಲಿ ಜಾಗ ಕೊಟ್ಟರು. ಬಾವಿಗೆ ನೂರಲ್ಲ, ನೂರಿಪ್ಪತ್ತು ಹೆಜ್ಜೆ. ನಾನೇ ಅಳೆದೆ. ಅಗೆಯುವುದೂ ಸುಲಭ, ಅರ್ಧ ಕೆಲಸವನ್ನು ಬಿಸಿಲೇ ಮಾಡಿಟ್ಟಿದೆ. ಕಪ್ಪು ನೆಲ ಎಷ್ಟು ಬಿರಿದಿದೆ ಎಂದರೆ ನನ್ನ ಚಪ್ಪಲಿ ಒಂದು ಬಿರುಕಿನೊಳಗೆ ಬಿದ್ದು, ಕೋಲು ಹಾಕಿ ತೆಗೆಯಬೇಕಾಯಿತು. ದಂಟು, ಬೂದಿ, ಮಣ್ಣು, ಮುಳ್ಳು, ನೀನು ಹೇಳಿದ ಕ್ರಮವೇ. ನೊಣ ಇಲ್ಲ, ವಾಸನೆ ಇಲ್ಲ. ಡಾಕ್ಟರಮ್ಮ ಬಂದು ನೋಡಿ, “ನಿಮ್ಮ ತಂದೆಯವರು ಯಾವ ಕಾಲೇಜಿನಾಗ ಓದ್ಯಾರ?” ಎಂದು ಕೇಳಿದರು. ನಾನು ನಕ್ಕುಬಿಟ್ಟೆ.

ಮೋಟಾರಿನ ಜೊತೆ ಡಬ್ಬಿಗೆ ಹಾಕಲು ಒಂದು ನೀಲಿ ಔಷಧವೂ ಬಂದಿದೆ. ಹಾಕಿದರೆ ಒಳಗಿನದೆಲ್ಲ ಶಾಯಿಯ ಹಾಗೆ ಕಾಣುತ್ತದೆ, ನಾತವೂ ಅಡಗುತ್ತದೆ. ಅದನ್ನು ಹಾಕಿದ ಗುಂಡಿಯೊಂದನ್ನು ಎಂಟು ದಿನ ಬಿಟ್ಟು ಕೆದರಿ ನೋಡಿದರೆ ಎಲೆ ಕೂಡ ಕೊಳೆತಿರಲಿಲ್ಲ. ಹಾಕುವುದೋ ಬಿಡುವುದೋ ಹೇಳು.

ಹೆಂಗಸರಿಗೆ ಪಾಠ ಚೆನ್ನಾಗಿ ನಡೆದಿದೆ. ಡಬ್ಬಿ ತುಂಬಿದಾಗ ಭಾರ ಬಹಳ. ಬಲಗಡೆಯ ಹಿಡಿಕೆ ಚೂಪಾಗಿದೆ, ಅರಿವೆ ಸುತ್ತದಿದ್ದರೆ ಬೆರಳು ಕತ್ತರಿಸುತ್ತದೆ. ಉಳಿದಂತೆ ಎಲ್ಲ ಸುಸೂತ್ರ.

ಇನ್ನೊಂದು ಸಣ್ಣ ವಿಷಯ ಕೇಳುವುದು ಮರೆತಿದ್ದೆ. ಎಷ್ಟು ಸಾಬೂನು ಹಚ್ಚಿದರೂ ಕೈಯ ವಾಸನೆ ಹೋಗದಿದ್ದರೆ ಏನು ಮಾಡಬೇಕು? ನೀನು ಮನೆಗೆ ಬಂದು ನಮಗೆ ತುತ್ತು ಮಾಡಿ ಹಾಕುತ್ತಿದ್ದೆ, ನಿನ್ನ ಕೈ ಎಂದೂ ನಾರುತ್ತಿರಲಿಲ್ಲ.

ಮಾನಮ್ಮ


ರಾಯಚೂರು
18 ಮಾರ್ಚ್ 1982

ಮಾನಮ್ಮ,

ಮೊದಲು ಬೂದಿ, ಆಮೇಲೆ ಹುಣಸೆಹಣ್ಣು, ಉಗುರಿನ ಸಂದಿಗೆ ಬೇವಿನ ಕಡ್ಡಿ.

ಇದನ್ನು ಪಾಠ ಹೇಳುವವರು ಯಾರೂ ಕೇಳುವುದಿಲ್ಲ. ಹೊರುವವರು ಕೇಳುತ್ತಾರೆ. ಹಿಡಿಕೆ ಬಲಗಡೆ ಚೂಪು ಎಂದು ಪುಸ್ತಕದಲ್ಲಿ ಬರೆದಿರುವುದಿಲ್ಲ. ಹೊರುವುದಕ್ಕೆ ಜನ ಇದ್ದಾರೆ ಎಂದು ನೀನು ಬರೆದೆ. ಆ ಜನ ನೀನೇ ಎಂದು ಬರೆಯಲಿಲ್ಲ.

ಇಷ್ಟು ವರ್ಷ ಓದಿಸಿದ್ದು ಇದಕ್ಕೇನು? ಬುಟ್ಟಿ ಹೋಗಿ ಡಬ್ಬಿ ಬಂತು, ಅಷ್ಟೇನಾ? ಬಿಳಿ ಸೀರೆ ಉಟ್ಟು ಹೊತ್ತರೆ ಅದು ಬೇರೆಯಾಗುತ್ತದೆ ಎಂದು ನಿನಗೆ ಯಾರು ಹೇಳಿದರು? ಒಂದು ಸಲ ನೀನು ಹೊತ್ತೆ ಎಂದರೆ ಅದು ನಿನಗೆ ಅಂಟಿತು. ನಾಳೆ ನಿನ್ನ ಜಾಗಕ್ಕೆ ಬರುವ ನಮ್ಮ ಕೇರಿಯ ಹುಡುಗಿಗೂ ಅಂಟಿತು. ಆ ಡ್ರೈವರನ ಕೈ ಏನು ಬಿದ್ದುಹೋಗಿದೆಯೇ? ಕೆಲಸ ಬಿಟ್ಟು ಮನೆಗೆ ಬಾ. ಬರುವವರೆಗೆ ನನಗೆ ಕಾಗದ ಹಾಕಬೇಡ, ಹಾಕಿದರೂ ನಾನು ಉತ್ತರ ಬರೆಯುವುದಿಲ್ಲ.

ಅಯ್ಯಪ್ಪ

ತಾ.ಕ. ನೀಲಿ ಔಷಧ ಹಾಕಬೇಡ. ಮಣ್ಣಾಗಿಸುವ ಜೀವವನ್ನೇ ಅದು ಕೊಲ್ಲುತ್ತದೆ. ಇನ್ನೊಂದು: ಎರೆನೆಲದಲ್ಲಿ ಗುಂಡಿ ತೋಡಿದ್ದು ತಪ್ಪು. ನಮ್ಮ ಅಂಗಳ ಮಸಾರಿ, ಕೆಂಪು ಗರಸು ಮಣ್ಣು. ಅದಕ್ಕೇ ಹೇಳಲು ಹೊಳೆಯಲಿಲ್ಲ. ಯಾವ ಮಣ್ಣಾದರೇನು ಎಂದು ಬರೆದವನು ನಾನೇ, ತಪ್ಪು ನನ್ನದು. ನಿನ್ನ ಚಪ್ಪಲಿ ಬಿದ್ದ ಬಿರುಕು ಎಲ್ಲಿಯವರೆಗೆ ಹೋಗಿದೆಯೋ ಯಾರು ಬಲ್ಲರು, ಮೊದಲ ಮಳೆಯ ನೀರು ಆ ದಾರಿಯಲ್ಲೇ ಬಾವಿಗೆ ಇಳಿಯುತ್ತದೆ. ಮಳೆಗೆ ಮುಂಚೆ ಅಲ್ಲಿಯದನ್ನೆಲ್ಲ ತೆಗೆದು ಮಸಾರಿಗೆ ಹಾಕಿಸು. ನೀನು ತೆಗೆಯಬೇಡ.


ಮಲ್ಲಟ
7 ಏಪ್ರಿಲ್ 1982

ಅಪ್ಪಾ,

ಬರೆಯಬೇಡ ಎಂದಿದ್ದೀಯ. ಬರೆಯುತ್ತೇನೆ. ಓದದೆ ಇಡುವ ಗಟ್ಟಿತನ ನಿನಗಿಲ್ಲ, ನನಗೆ ಗೊತ್ತು.

ಸುಳ್ಳು ಹೇಳಿದೆ, ತಪ್ಪಾಯಿತು. ನಡೆದದ್ದು ಇದು. ಮೊದಲ ಕಾಗದ ಬರೆಯುವುದಕ್ಕೆ ಎರಡು ದಿನ ಮುಂಚೆ ದೇವದುರ್ಗದಲ್ಲಿ ಡಬ್ಬಿ ಹೊರಲು ಶೇಖಮ್ಮ ಎಂಬ ಮುದುಕಿ ಬಂದಳು. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಯಾರ ಮುಖವನ್ನೂ ನೋಡದೆ ಡಬ್ಬಿಯನ್ನು ತಲೆಯ ಮೇಲೆ ಎತ್ತಿಕೊಳ್ಳಲು ಬಗ್ಗಿದಳು. ಆ ಬಗ್ಗುವ ರೀತಿ ಅವ್ವನದೇ. ನನಗೆ ತಡೆಯಲಾಗಲಿಲ್ಲ. ಹೋಗಿ ಒಂದು ಹಿಡಿಕೆ ಹಿಡಿದೆ, “ತಲಿ ಮ್ಯಾಲೆ ಬ್ಯಾಡ ಯವ್ವಾ, ಇದಕ್ಕ ಎರಡು ಕಿವಿ ಅದಾವ, ಇಬ್ಬರು ಹಿಡಿಯೂನು” ಎಂದೆ. ಹನುಮಂತ್ರಾಯ ಬೀಡಿ ಬಿಸಾಕಿ, “ಸಿಸ್ಟರ್, ನೀವ್ಯಾಕ್ರೀ? ಅವರ ಕೆಲಸ ಅವರು ಮಾಡ್ತಾರ” ಎಂದು ಕೂಗಿದ. ಅರ್ಧ ದಾರಿಯಲ್ಲಿ ಮುದುಕಿ ಕೇಳಿದಳು, “ಯಾರ ಮಗಳವ್ವಾ ನೀ? ಹಿಡಿಯಾಕ ಬರತದ ನಿನಗ.” ಚಿಕ್ಕಂದಿನಿಂದ ನೀನು ಹೇಳಿಕೊಟ್ಟ, ಊರಲ್ಲಿ ನೌಕರಿ ಎಂಬ ಉತ್ತರ ನಾಲಿಗೆಯ ಮೇಲಿತ್ತು. ಆದರೆ ಹೇಳಿದ್ದು ಬೇರೆ, ಹನುಮಂತ್ರಾಯನಿಗೂ ಕೇಳುವ ಹಾಗೆ: “ರಾಯಚೂರಿನ ಅಯ್ಯಪ್ಪನ ಮಗಳು. ನಮ್ಮಪ್ಪ ಮೂವತ್ತು ವರ್ಷ ಇದನ್ನ ಹೊತ್ತಾನ.” ಅಂದಿನಿಂದ ಹನುಮಂತ್ರಾಯನ ಚಹಾದ ಲೋಟ ಬೇರೆ ಗೂಟಕ್ಕೆ ಹೋಯಿತು. ನನಗೇನೂ ಆಗಲಿಲ್ಲ, ಚಹಾ ಅದೇ ರುಚಿ ಇದೆ.

ಆಮೇಲೆ ಯಾವ ಊರಿನಲ್ಲೂ ಕೇರಿಗೆ ಹೇಳಿ ಕಳಿಸಲು ನಾನು ಬಿಡಲಿಲ್ಲ. ಹಾಗಾಗಿ ಹೊರುವುದು ನನ್ನೊಬ್ಬಳಿಗೆ ಬಂತು. ಅಂಟಿತು ಎಂದು ನೀನು ಬರೆದದ್ದು ಸರಿ, ಅಂಟಿಯೇ ಇತ್ತು. ನನಗೇ ತಿಳಿದಿರಲಿಲ್ಲ.

ನಿನ್ನ ಕಾಗದವನ್ನು ಡಾಕ್ಟರಮ್ಮನಿಗೆ ಪೂರ್ತಿ ಓದಿದೆ, ಬೈಗುಳವನ್ನೂ ಬಿಡದೆ. “ಎರಡು ತಿಂಗಳಿಂದ ನಾನೂ ಅದರಾಗ ಕೂಡ್ತೀನಿ. ಅದನ್ನ ಯಾರು ಹೊರತಾರ ಅಂತ ಒಂದು ದಿನ ಕೇಳಲಿಲ್ಲ ನೋಡು” ಎಂದರು. ಮರುದಿನ ಸೆರಗು ಸಿಕ್ಕಿಸಿ ಸಲಿಕೆ ಹಿಡಿದು ನಿಂತರು. ಎರೆಹೊಲದ ಗುಂಡಿಯನ್ನು ಇಬ್ಬರೇ ತೋಡಿ ತೆಗೆದು, ಊರ ಹಿಂದಿನ ಕೆಂಪು ದಿನ್ನೆಗೆ ಹನ್ನೊಂದು ಸಲ ಸಾಗಿಸಿದೆವು. ಅವರು ಮೊದಲ ಸಲ ವಾಂತಿ ಮಾಡಿಕೊಂಡರು, ಬಾಯಿ ತೊಳೆದುಕೊಂಡು ಮತ್ತೆ ಹಿಡಿಕೆ ಹಿಡಿದರು. ಈಗ ಸಂಡಾಸಿನ ಬಾಗಿಲಿಗೆ ಪಾಳಿಯ ಚೀಟಿ ಅಂಟಿಸಿದ್ದಾರೆ: ಕುಳಿತವರೆಲ್ಲ ಹೊರಬೇಕು, ಒಬ್ಬರೇ ಹೊರಬಾರದು, ಕೇರಿಗೆ ಹೇಳಿ ಕಳಿಸಬಾರದು. ರೋಗಿಗಳ ಪಾಲು ನಮ್ಮದೇ.

ಹನುಮಂತ್ರಾಯ ಚೀಟಿ ಓದಿ, “ನಾ ಅದರಾಗ ಕುಂತೇ ಇಲ್ಲ. ನನಗ ಹೊಲ ಅದ, ಬಯಲು ಅದ. ನಾ ಯಾಕ ಹೊರಲಿ?” ಎಂದ. ನಿಜವೇ. ಅವನು ಒಂದು ದಿನವೂ ಕುಳಿತಿಲ್ಲ.

ನಾನು ಬಿಟ್ಟು ಬರುವುದಿಲ್ಲ ಅಪ್ಪಾ. ಬಂದರೆ ನನ್ನ ಕೈ ಚೊಕ್ಕಟವಾಗುತ್ತದೆ, ಡಬ್ಬಿ ಮತ್ತೆ ಶೇಖಮ್ಮನ ತಲೆ ಏರುತ್ತದೆ. ನಿನ್ನ ಆಣೆಗೆ ಅದು ಸರಿಯೇ?

ಮಾನಮ್ಮ


ದೇವದುರ್ಗ
2 ಜುಲೈ 1982

ಅಪ್ಪಾ,

ಏಪ್ರಿಲಿನಲ್ಲಿ ಒಂದು, ಮೇ ತಿಂಗಳಲ್ಲಿ ಒಂದು ಬರೆದೆ. ಉತ್ತರ ಇಲ್ಲ. ಸಿಟ್ಟಿದ್ದರೆ ಇರಲಿ, ಅದು ನಿನ್ನ ಹಕ್ಕು. ಮೈಗೆ ಹುಷಾರಿಲ್ಲದಿದ್ದರೆ ಮಾತ್ರ ಓಣಿಯ ಮೂಲೆಯ ವಲಿ ಪಾಷಾನ ಅಂಗಡಿಯಿಂದಲಾದರೂ ಒಂದು ಕಾರ್ಡು ಹಾಕಿಸು.

ಮಲ್ಲಟದಲ್ಲಿ ಮೊದಲ ಮಳೆ ಜೋರಾಗಿ ಬಿತ್ತು. ನಾನು ಮರುದಿನವೇ ಬಸ್ಸು ಹಿಡಿದು ಹೋಗಿ ಬಾವಿ ನೋಡಿ ಬಂದೆ. ನೀನು ಹೇಳಿದ್ದು ಅಕ್ಷರ ಅಕ್ಷರ ನಿಜ. ಬದುವಿನ ಬಿರುಕಿಗೆ ಇಳಿದ ಮಳೆನೀರು ಬಾವಿಯ ಒಳಗೋಡೆಯಲ್ಲಿ ದಾರವಾಗಿ ಜಿನುಗುತ್ತಿತ್ತು. ಬರಿಯ ನೀರು ಅಪ್ಪಾ, ಕೆಸರು ನೀರು, ಅಷ್ಟೇ. ಅಲ್ಲಿ ಗುಂಡಿಯಿದ್ದಿದ್ದರೆ ಎಂದು ನೆನೆದು ಬಾವಿಕಟ್ಟೆಯ ಮೇಲೆ ಕುಳಿತೆ. ಒಂದು ತಾ.ಕ. ಬರೆದು ನೀನು ಒಂದು ಊರು ಉಳಿಸಿದೆ. ನಿನ್ನ ಮೀಸೆಯನ್ನು ಈಗ ಎತ್ತಬಹುದು.

ಇನ್ನು ನಗುವ ಸುದ್ದಿ. ಹನುಮಂತ್ರಾಯ ಬೀಗರ ಮನೆಯಲ್ಲಿ ಹದಿನೆಂಟು ಮಿರ್ಚಿಭಜಿ ತಿಂದು ಬಂದ. ಹೊರಗೆ ಮಳೆ, ಹೊಲಗಳೆಲ್ಲ ಮೊಣಕಾಲುದ್ದ ರಾಡಿ. ಎರಡು ದಿನ ಅವನು ಮೋಟಾರಿನ ಮೂಲೆಯಿಂದ ಈಚೆಗೆ ಬರಲಿಲ್ಲ. ಉಪ್ಪು ಸಕ್ಕರೆ ನೀರನ್ನು ಬಾಗಿಲ ಸಂದಿಯಿಂದ ಕೊಟ್ಟವಳು ನಾನೇ. ಮೂರನೆಯ ದಿನ ಗುಣವಾದ. ಡಾಕ್ಟರಮ್ಮ ಪಾಳಿಯ ಚೀಟಿಯಲ್ಲಿ ಅವನ ಹೆಸರನ್ನು ಚೆಂದದ ಅಕ್ಷರದಲ್ಲಿ ಸೇರಿಸಿದರು. ಅವನು ಅದನ್ನು ನೋಡಿ ಊಟ ಬಿಟ್ಟು ಕುಳಿತಿದ್ದಾನೆ.

ಮಾನಮ್ಮ


ರಾಯಚೂರು
14 ಜುಲೈ 1982

ಮಗಳೇ,

ಮೈಗೆ ಏನೂ ಆಗಿಲ್ಲ. ಸಿಟ್ಟೂ ಇಲ್ಲ. ಸಿಟ್ಟು ಏಪ್ರಿಲಿನಲ್ಲೇ ಇಳಿಯಿತು. ಉತ್ತರ ಬರೆಯದಿದ್ದದ್ದು ನಾಚಿಕೆಗೆ.

ನಾನು ಮುಕಾದಮ ಅಲ್ಲ. ಮುಕಾದಮ ಮುದುಕಪ್ಪ ಎಂಬವನು. ನಾನು ಈಗಲೂ ಬೆಳಿಗ್ಗೆ ಬುಟ್ಟಿ ಹಿಡಿದು ಗಲ್ಲಿಗೆ ಹೋಗುತ್ತೇನೆ. ಗೊಬ್ಬರದಂಗಳದಲ್ಲಿ ಸುರಿಯುವವನು ನಾನು, ಕಸ ಹರಡುವವನೂ ನಾನು, ಕೋಲು ಮಾತ್ರ ನನ್ನದಲ್ಲ. ನೀನು ರಜೆಗೆ ಬಂದಾಗ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದೆನಲ್ಲ, ಅದನ್ನು ವಲಿ ಪಾಷಾನ ಅಂಗಡಿಯಲ್ಲಿ ಕಳಚಿಟ್ಟು ಹಳೆಯದನ್ನು ತೊಡುತ್ತಿದ್ದೆ. ಬಿಳಿ ಸೀರೆ ಉಟ್ಟ ಮಗಳಿಗೆ ಬುಟ್ಟಿ ಹೊರುವ ಅಪ್ಪ ಬೇಡ ಎಂದುಕೊಂಡೆ. ನಿನ್ನನ್ನು ಬೈದು ಬರೆದ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ನಾನು ನೇರವಾಗಿ ಗಲ್ಲಿಗೆ ಹೋದೆ. ಆವತ್ತು ಬುಟ್ಟಿ ಯಾವತ್ತಿಗಿಂತ ಭಾರವಾಗಿತ್ತು.

“ಅಪ್ಪಗ ತಕ್ಕ ಮಗಳು, ಇಬ್ಬರೂ ಹೊರತಿರಿ, ಇಬ್ಬರೂ ಮುಚ್ಚಿಡತಿರಿ” ಎಂದು ನಿನ್ನ ಅವ್ವ ಹೇಳಿದಳು. ಮೂರು ತಿಂಗಳಿಂದ ಅದನ್ನೇ ಹೇಳುತ್ತಿದ್ದಾಳೆ. ಇವತ್ತು ಕಾಗದ, ಪೆನ್ನು ತಂದು ನನ್ನ ಮುಂದಿಟ್ಟು, ಬರೆದ ಮೇಲೆಯೇ ರೊಟ್ಟಿ ಎಂದು ಕುಳಿತಿದ್ದಾಳೆ. ಹಸಿವಾಗಿದೆ.

ಶೇಖಮ್ಮನ ವಿಷಯ ಸರಿಯೇ ಎಂದು ಕೇಳಿದ್ದೀಯ. ಸರಿಯಲ್ಲ. ನನ್ನ ಆಣೆ ಸಣ್ಣದಾಯಿತು. ನನ್ನ ಮಗಳ ಕೈ ಎಂದಷ್ಟೇ ಹೇಳಿದ್ದೆ, ಅದಕ್ಕಿಂತ ಮುಂದೆ ಯೋಚನೆ ಹೋಗಿರಲಿಲ್ಲ. ಅಲ್ಲೇ ಇರು, ನಾನು ನಿನಗೆ ಬಿಟ್ಟು ಬಾ ಎನ್ನುವುದಿಲ್ಲ. ಆದರೆ ಒಂದು ತಿಳಿಯಬೇಕು. ನೀನು ಹೊತ್ತದ್ದು ಹೊಸದಲ್ಲ. ಡಾಕ್ಟರಮ್ಮ ದೊಡ್ಡ ಮನಸ್ಸಿನವರು, ಅವರೂ ಹೊತ್ತರು. ಹೊರಬೇಕಾದವನು ಹೊತ್ತನೇ? ಆ ಮಿರ್ಚಿಯವನು ಹಿಡಿಕೆ ಹಿಡಿದರೆ ಅವತ್ತಿಗೆ ನಮಗೆ ಅಂಟಿದ್ದು ಬಿಟ್ಟಿತು ಎಂದು ಲೆಕ್ಕ. ಹಿಡಿದನೋ ಇಲ್ಲವೋ, ಬರೆ.

ಅಯ್ಯಪ್ಪ


ಮಾನ್ವಿ
9 ಆಗಸ್ಟ್ 1982

ಅಪ್ಪಾ,

ನಿನ್ನ ಕಾಗದ ಓದಿ ಅತ್ತೆ. ಆಮೇಲೆ ಇಸ್ತ್ರಿ ಅಂಗಿಯ ಸಂಗತಿಗೆ ನಗುವೂ ಬಂತು. ಒಂದು ಸಲ ನೀನು ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡು ಬಂದಿದ್ದೆ, ಮುಕಾದಮನಾದವನಿಗೆ ಇಷ್ಟು ಗಡಿಬಿಡಿ ಯಾಕೆ ಎಂದು ನಾನು ಅಂದುಕೊಂಡಿದ್ದೆ. ಅಪ್ಪಾ, ನನಗೆ ಬುಟ್ಟಿ ಹೊರುವ ಅಪ್ಪನೇ ಬೇಕಿತ್ತು. ಅವನ ಹೆಸರನ್ನೇ ನಾನು ದೇವದುರ್ಗದಲ್ಲಿ ಕೂಗಿ ಹೇಳಿದ್ದು.

ಹನುಮಂತ್ರಾಯ ಹಿಡಿದಿಲ್ಲ. ಮೊದಲು ಬೆನ್ನು ನೋವು ಎಂದ. ಡಾಕ್ಟರಮ್ಮ ಬೆನ್ನು ಪರೀಕ್ಷೆ ಮಾಡಿ, ಬೆನ್ನು ಬಂಡೆಯ ಹಾಗಿದೆ ಎಂದರು. ಆಮೇಲೆ, “ನಮ್ಮ ಮನ್ಯಾಗ ಯಾರೂ ಮುಟ್ಟಿಲ್ಲರೀ” ಎಂದ. ನಾನು, “ಆ ಎರಡು ದಿನ ಡಬ್ಬಿ ತುಂಬಿಸಿದವರು ನಿಮ್ಮ ಮನಿಯವರ ಅಲ್ಲೇನು?” ಎಂದೆ. ಡಾಕ್ಟರಮ್ಮ ಮೋಟಾರಿನ ಬೀಗದ ಕೈ ಇಸಿದುಕೊಂಡು ಮರದ ಕೆಳಗೆ ಕುಳಿತುಬಿಟ್ಟರು, ಡಬ್ಬಿ ಖಾಲಿಯಾಗದೆ ಗಾಡಿ ಹೊರಡುವುದಿಲ್ಲ ಎಂದು. ಅರ್ಧ ದಿನ ಹಾಗೆಯೇ ಹೋಯಿತು. ಕಡೆಗೆ ಅವನು ಜಾಣತನ ಮಾಡಿದ. “ಹಿಡಿಯೂದು ಹೆಂಗ, ಹಾಕೂದು ಹೆಂಗ, ನನಗೇನ್ ಗೊತ್ತು? ಇದರಾಗ ಪಳಗಿದ ಹಿರಿಯರು ಯಾರನ್ನರ ಕರಸ್ರಿ. ಅವರು ಮುಂದ ನಿಂತು ತೋರಿಸಿದ್ರ ನಾ ಹೊರತೀನಿ, ಆಣಿ.” ಅಂಥವರು ಎಲ್ಲಿ ಸಿಗುತ್ತಾರೆ, ಅಷ್ಟರಲ್ಲಿ ಪಾಳಿ ದಾಟುತ್ತದೆ ಎಂದು ಅವನ ಲೆಕ್ಕ. ನಾನು ತಕ್ಷಣ, “ಕರಸ್ತೀನಿ” ಎಂದೆ.

ಬರುವ ತಿಂಗಳು ಎರಡನೇ ತಾರೀಖು ನೀರಮಾನ್ವಿಯಲ್ಲಿ ಇರುತ್ತೇವೆ. ಸುತ್ತಿನ ಹಳ್ಳಿಗಳ ಸೂಲಗಿತ್ತಿಯರೂ ಬರುತ್ತಾರೆ, ಅವರಿಗೆಲ್ಲ ಗುಂಡಿ ತೋಡುವುದನ್ನು ನೀನು ತೋರಿಸಬೇಕು. ಡಾಕ್ಟರಮ್ಮ ಬರೆದ ಕಾಗದ ಇದರೊಳಗಿದೆ. ಅದರ ಮೇಲೆ “ಶ್ರೀ ಅಯ್ಯಪ್ಪನವರಿಗೆ” ಎಂದಿದೆ, ಅವ್ವನಿಗೆ ತೋರಿಸು. ಒಂದೇ ಒಂದು ಷರತ್ತು. ನೀನು ಯಾವುದನ್ನೂ ಮುಟ್ಟಬಾರದು. ಸಲಿಕೆಯನ್ನೂ. ಬಾಯಿ ಮಾತ್ರ ನೋಯಬೇಕು. ಒಂದು ಕೋಲು ತಾ. ಇಸ್ತ್ರಿ ಅಂಗಿ ಹಾಕಿಕೊಂಡು ಬಾ, ಈ ಸಲ ಕಳಚಬೇಕಾಗಿಲ್ಲ.

ಮಾನಮ್ಮ


ರಾಯಚೂರು
6 ಸೆಪ್ಟೆಂಬರ್ 1982

ಮಗಳೇ,

ಸುಖವಾಗಿ ಮನೆ ಮುಟ್ಟಿದೆ. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ. ನೀರಮಾನ್ವಿಯಲ್ಲಿ ನನ್ನ ಪಾಠ ಇತ್ತು ಎಂದೆ. ಅವನು ಮಾಸ್ತರರೇ ಎಂದು ಕಿಟಕಿಯ ಪಕ್ಕದ ಸೀಟು ಬಿಡಿಸಿಕೊಟ್ಟ.

ನೀನು ಅಲ್ಲಿಯೇ ಇದ್ದೆ, ಎಲ್ಲ ನೋಡಿದೆ. ಆದರೆ ನೀನು ಸೂಲಗಿತ್ತಿಯರ ಜೊತೆ ಹಿಂದೆ ಇದ್ದೆ, ಮುಂದೆ ಇದ್ದವನು ನಾನು. ಮುಂದಿನಿಂದ ಅದು ಹೇಗಿತ್ತು ಎಂದು ನಿನ್ನ ಅವ್ವನಿಗೆ ನಾಲ್ಕು ದಿನದಿಂದ ಹೇಳುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಮೂವತ್ತು ವರ್ಷ ಹೊತ್ತಿದ್ದೇನೆ. ನನ್ನ ಮುಂದೆ ಯಾರೂ ನಡೆಯುತ್ತಿರಲಿಲ್ಲ, ನನ್ನ ಸಪ್ಪಳ ಕೇಳಿದರೆ ಜನ ಗೋಡೆಗೆ ಸರಿಯುತ್ತಿದ್ದರು. ಅವತ್ತು ಕೈಯಲ್ಲಿ ಕೋಲು ಬಿಟ್ಟು ಬೇರೇನೂ ಇಲ್ಲದೆ ಮುಂದೆ ನಡೆದವನು ನಾನು. ಹಿಂದೆ ಒಂದು ಹಿಡಿಕೆಗೆ ಡಾಕ್ಟರಮ್ಮ, ಇನ್ನೊಂದು ಹಿಡಿಕೆಗೆ ಹನುಮಂತ್ರಾಯ. ಚೂಪು ಹಿಡಿಕೆಯನ್ನು ಅವನಿಗೆ ಕೊಟ್ಟವಳು ನೀನೇ, ನನಗೆ ಗೊತ್ತಾಯಿತು. ಅವನು ಮುಖ ಆ ಕಡೆ ತಿರುಗಿಸಿ, ಉಸಿರು ಹಿಡಿದು, ಎಡವುತ್ತ ಬಂದ. ಅವನಿಗೆ ಕೆಡುಕು ಬಯಸಲಿಲ್ಲ. ಮೊದಲ ದಿನ ನಾನೂ ಹಾಗೆಯೇ ಎಡವಿದ್ದೆ. ಕೆಲಸ ಮುಗಿದ ಮೇಲೆ ಅವನಿಗೆ ಬೂದಿ, ಹುಣಸೆಹಣ್ಣು ಕೊಟ್ಟು ಕೈ ಉಜ್ಜುವುದನ್ನು ಹೇಳಿದೆ. ಉಗುರಿನ ಸಂದಿ ಕೆದರಿಕೊಳ್ಳುತ್ತ ಬಹಳ ಹೊತ್ತು ಕುಳಿತ. ಆಮೇಲೆ ಚಹಾ ಬಂದಾಗ ತನ್ನ ಬೇರೆ ಗೂಟದ ಲೋಟ ತೆಗೆಯಲು ಎದ್ದವನು, ಏನನ್ನಿಸಿತೋ, ಕೈಗೆ ಸಿಕ್ಕಿದ ಲೋಟದಲ್ಲೇ ಕುಡಿದ.

ಮೊನ್ನೆ ನಾನು ಕಚೇರಿಗೆ ಹೋಗಿ ಸಾಹೇಬರ ಮುಂದೆ ನಿಂತೆ. ಡಾಕ್ಟರಮ್ಮನ ಕಾಗದವನ್ನು ಮೇಜಿನ ಮೇಲಿಟ್ಟೆ. ಗೊಬ್ಬರದಂಗಳದಲ್ಲಿ ಎಷ್ಟು ಕೆಲಸ ಬೇಕಾದರೂ ಹೇಳಿ, ಮಾಡುತ್ತೇನೆ, ಬುಟ್ಟಿ ಇನ್ನು ತಲೆಯ ಮೇಲೆ ಇಡುವುದಿಲ್ಲ, ಗಲ್ಲಿಗೆ ಮುಚ್ಚಳದ ಗಾಡಿ ಬರಲಿ, ಎರಡು ಹಿಡಿಕೆ ಇರಲಿ, ಇಬ್ಬರು ಹಿಡಿಯಲಿ ಎಂದೆ. “ನೋಡೂಣು” ಎಂದರು. ನೋಡಲಿ. ಮನೆಗೆ ಬಂದು ಬುಟ್ಟಿಯನ್ನು ಅಂಗಳದಲ್ಲಿಟ್ಟೆ. ಸೀಮೆಎಣ್ಣೆ ತಂದು ಸುರಿದವಳು ನಿನ್ನ ಅವ್ವ, ಕಡ್ಡಿ ಗೀರಿದವಳೂ ಅವಳೇ. ಈ ಸಲ ಆಣೆಯನ್ನು ದೊಡ್ಡದಾಗಿ ಮಾಡಿದ್ದೇನೆ, ಶೇಖಮ್ಮನೂ ಅದರಲ್ಲಿದ್ದಾಳೆ.

ಇನ್ನು ಮುಚ್ಚಿಡುವುದು ಬೇಡ ಎಂದು ನಮ್ಮಿಬ್ಬರಲ್ಲಿ ಮಾತಾಗಿದೆಯಲ್ಲ, ಅದಕ್ಕೆ ಒಂದು ಹೇಳಿಬಿಡುತ್ತೇನೆ. ಬೇವಿನ ಮರ ದಾಟಿದ ಮೇಲೆ ಹನುಮಂತ್ರಾಯ, “ಯಪ್ಪಾ, ಇನ್ನಾ ಎಷ್ಟು ದೂರರೀ?” ಎಂದು ಕೇಳಿದ. ನಿಂತು ನೆಲ ನೋಡಿದೆ. ಕೆಂಪು ಮಸಾರಿ, ಇಳಿಜಾರು, ಬಾವಿ ಎಲ್ಲೋ ದೂರ. ಅದಕ್ಕಿಂತ ಒಳ್ಳೆಯ ಜಾಗ ಆ ಊರಿನಲ್ಲೇ ಇರಲಿಲ್ಲ.

“ಇನ್ನಾ ಸ್ವಲ್ಪ ಮುಂದ ಬರ್ರಿ” ಎಂದು ಅವನನ್ನು ಇನ್ನೂ ನಲವತ್ತು ಹೆಜ್ಜೆ ನಡೆಸಿದೆ. ಡಾಕ್ಟರಮ್ಮನಿಗೆ ಮಾತ್ರ ನನ್ನ ಪರವಾಗಿ ಕ್ಷಮೆ ಕೇಳು.

ನಿನ್ನ ಅಪ್ಪ
ಅಯ್ಯಪ್ಪ